ಬಳಸುವವನ ಮಾತಿಗೂ ಬೆಲೆ ಬರಲಿ

ಕಾಫಿ ತುಳುಕುವುದೆಂದರೇನು ಎಂಬುದನ್ನು ಹೋಟೆಲುಗಳಲ್ಲಿ ದುಡಿಯುವ ನಮ್ಮ ವಾಚಕರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಒಂದು ಕೈಯಲ್ಲಿ ನಾಲ್ಕು ಲೋಟ, ಇನ್ನೊಂದು ಕೈಯಲ್ಲಿ ಎರಡು ತಟ್ಟೆ, ಮುಂದೆ ಅವಸರದ ಗಿರಾಕಿ, ಹಿಂದೆ ಗಲ್ಲಾದ ಬಳಿಯಿಂದ ಧಣಿಗಳ ದೃಷ್ಟಿ. ಇವುಗಳ ನಡುವೆ ಬಿಸಿ ಕಾಫಿಯು ಬೆರಳನ್ನು ಸುಡುವುದು ನಿತ್ಯದ ಅನುಭವ. ಕಚೇರಿಗಳಲ್ಲಿ ಕುಳಿತು ದುಡಿಯುವ ಗುಮಾಸ್ತರಿಗೂ ಇಂತಹ ಅನುಭವವು ಹೊಸತಲ್ಲ. ಕಾಗದದ ಮೇಲಿನ ಕ್ರಮವೊಂದು, ಕಂಪ್ಯೂಟರಿನ ಪರದೆಯ ಮೇಲಿನ ಕ್ರಮ ಇನ್ನೊಂದು ಆಗಿ, ಒಂದು ಅಂಕಿಯನ್ನು ತುಂಬಲು ಮೂರು ಸಲ ಹಿಂದೆ ಮುಂದೆ ಹೋಗಬೇಕಾದ ಸಂಕಟವನ್ನು ಅವರು ಬಲ್ಲರು. ಈ ವಸ್ತುಗಳನ್ನು ಮಾಡಿದವರು ಮಾಡುವುದಕ್ಕೆ ಮೊದಲು ನಮ್ಮನ್ನು ಒಂದು ಮಾತು ಕೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅನ್ನಿಸದ ದಿನವಿಲ್ಲ.

ಹೀಗೆ ಕೇಳುವ ಪದ್ಧತಿಯೊಂದು ಲೋಕದಲ್ಲಿ ಆರಂಭವಾಗಿ ಕೆಲವು ವರ್ಷಗಳೇ ಕಳೆದಿವೆ. ೨೦೦೮ರ ಮಾರ್ಚಿಯಲ್ಲಿ ಅಮೆರಿಕದ ಸ್ಟಾರ್‌ಬಕ್ಸ್ ಎಂಬ ಕಾಫಿ ಕಂಪೆನಿಯು ತನ್ನ ಗಿರಾಕಿಗಳು ಸಲಹೆಗಳನ್ನು ಬರೆದು, ಒಬ್ಬರ ಸಲಹೆಗೆ ಇನ್ನೊಬ್ಬರು ಮತವನ್ನೂ ಅಭಿಪ್ರಾಯವನ್ನೂ ಕೊಡಬಹುದಾದ ಒಂದು ಜಾಲತಾಣವನ್ನು ತೆರೆಯಿತು. ಹೊರಗೆ ಒಯ್ಯುವ ಲೋಟದ ಮುಚ್ಚಳದಲ್ಲಿ ಹೀರುವುದಕ್ಕಾಗಿ ಇರುವ ರಂಧ್ರದಿಂದ ಕಾಫಿ ಚಿಮ್ಮಿ ಬಟ್ಟೆ ಕೆಡುತ್ತದೆ ಎಂದು ಜನರು ಹೇಳಿದರು. ಆ ರಂಧ್ರಕ್ಕೆ ಸಿಕ್ಕಿಸುವ ಒಂದು ಹಸಿರು ಪ್ಲಾಸ್ಟಿಕ್ ಕಡ್ಡಿಯು ಅದರಿಂದ ಹುಟ್ಟಿತು. ವಸ್ತುವೇನೋ ಅಲ್ಪವೇ. ಆದರೆ ಕೈ ಸುಟ್ಟುಕೊಂಡವನ ಮಾತು ವಿನ್ಯಾಸಕಾರನ ಮೇಜಿನವರೆಗೆ ತಲುಪಿದುದು ಅಲ್ಪ ಸಂಗತಿಯಲ್ಲ.

ಯಾವುದೇ ವಸ್ತುವು ಕಾರ್ಖಾನೆಯಿಂದ ಹೊರಬರುವುದಕ್ಕೆ ಬಹಳ ಮೊದಲೇ ಅದರ ಹಣೆಬರಹವು ತೀರ್ಮಾನವಾಗಿರುತ್ತದೆ. ಅಚ್ಚು ಎರಕವಾಗಿ, ಯಂತ್ರಗಳು ಸಿದ್ಧವಾಗಿ, ಹಣ ತೊಡಗಿಸಿಯಾದ ಮೇಲೆ ಹಿಡಿಯನ್ನು ಎರಡಂಗುಲ ಉದ್ದ ಮಾಡಿ ಎಂದರೆ ಕೇಳುವವರಾರು? ಮಾಡತಕ್ಕದ್ದು ಏನು, ಯಾರಿಗಾಗಿ, ಯಾವ ಕಷ್ಟವನ್ನು ನೀಗುವುದಕ್ಕಾಗಿ ಎಂಬುದು ಇನ್ನೂ ಕಾಗದದ ಮೇಲಿರುವ ಆ ಮೊದಲ ಘಟ್ಟದಲ್ಲಿಯೇ ಬಳಸುವವರ ಮಾತು ಬೀಳಬೇಕು. ಫೇಸ್‌ಬುಕ್, ವಾಟ್ಸಾಪ್ ಮೊದಲಾದ ಸಾಮಾಜಿಕ ಜಾಲಗಳಿಂದ ಈ ಕಾರ್ಯವು ಹಿಂದೆಂದಿಗಿಂತ ಸುಲಭವಾಗಿದೆ. ಹಿಂದೆ ಊರೂರಿಗೆ ಆಳುಗಳನ್ನು ಕಳುಹಿಸಿ ತಿಳಿಯಬೇಕಾಗಿದ್ದುದನ್ನು ಈಗ ಒಂದು ದಿನದಲ್ಲಿ ಸಾವಿರ ಜನರಿಂದ ತಿಳಿಯಬಹುದು. ಇದನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಕೇಳುವುದೆಂದರೇನು, ಯಾರನ್ನು ಕೇಳಬೇಕು, ಕೇಳಿದ್ದಕ್ಕೆ ಕೊಡತಕ್ಕದ್ದೇನು ಎಂಬ ಮೂರು ಪ್ರಶ್ನೆಗಳನ್ನು ವಿಚಾರಿಸದೆ ಸ್ವಾಗತಿಸುವುದು ಮಾತ್ರ ಸರಿಯಲ್ಲ.

ವಿನ್ಯಾಸವು ತಜ್ಞರ ಕೆಲಸ, ಅಡುಗೆಮನೆಯ ಹುಡುಗನಿಗೆ ಅದರಲ್ಲೇನು ತಿಳಿದೀತು ಎನ್ನುವವರಿದ್ದಾರೆ. ಅವರಿಗೆ ಉತ್ತರವನ್ನು ತಜ್ಞರೇ ಕೊಟ್ಟಿದ್ದಾರೆ. ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಎರಿಕ್ ವಾನ್ ಹಿಪೆಲ್ ಅವರು ೧೯೭೬ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಪ್ರಯೋಗಾಲಯಗಳ ಉಪಕರಣಗಳ ಇತಿಹಾಸವನ್ನು ಪರಿಶೀಲಿಸಿದರು. ಬಳಸುವವರಿಗೆ ನಿಜವಾಗಿ ಪ್ರಯೋಜನ ತಂದ ಸುಧಾರಣೆಗಳಲ್ಲಿ ನೂರಕ್ಕೆ ಸುಮಾರು ೮೦ರಷ್ಟನ್ನು ಮೊದಲು ಕಲ್ಪಿಸಿ, ಮಾದರಿಯನ್ನೂ ಮಾಡಿ ನೋಡಿದವರು ತಯಾರಕರಲ್ಲ, ಆ ಉಪಕರಣಗಳನ್ನು ಬಳಸುತ್ತಿದ್ದವರೇ ಎಂಬುದು ಅವರಿಗೆ ಕಂಡುಬಂದಿತು. ಇದರಲ್ಲಿ ಆಶ್ಚರ್ಯವೇನಿದೆ? ಹೊತ್ತವನಿಗೇ ಹೊರೆಯ ಭಾರ ಗೊತ್ತು. ಲೋಟಗಳ ತಟ್ಟೆ ಜಾರದಿರಲೆಂದು ಒದ್ದೆ ಬಟ್ಟೆಯನ್ನು ಕೆಳಗೆ ಹಾಸುವವನೂ, ಸುಡುವ ಹಿಡಿಗೆ ದಾರ ಸುತ್ತುವವನೂ ತನ್ನ ಪಾಲಿಗೆ ವಿನ್ಯಾಸಕಾರನೇ. ಅವನು ಅದನ್ನು ಆ ಹೆಸರಿನಿಂದ ಕರೆಯುವುದಿಲ್ಲ, ಅಷ್ಟೇ.

ಸಾಮಾಜಿಕ ಜಾಲಗಳೇ ಇಂದು ಹೊಂದಿರುವ ಒಂದು ಉಪಕರಣವು ಹೀಗೆಯೇ ಹುಟ್ಟಿತು. ಒಂದು ವಿಷಯದ ಮಾತುಗಳನ್ನೆಲ್ಲ ಒಂದೆಡೆ ಕೂಡಿಸಲು ಪದದ ಮುಂದೆ ಇಡುವ ಹ್ಯಾಷ್ ಗುರುತನ್ನು ನಮ್ಮ ತರುಣರೆಲ್ಲ ಬಲ್ಲರು. ಅದು ಟ್ವಿಟರ್ ಕಂಪೆನಿಯ ಕಚೇರಿಯಲ್ಲಿ ಹುಟ್ಟಿದುದಲ್ಲ. ೨೦೦೭ರ ಆಗಸ್ಟ್ ೨೩ರಂದು ಅದರ ಬಳಕೆದಾರರಲ್ಲೊಬ್ಬರಾದ ಕ್ರಿಸ್ ಮೆಸಿನಾ ಎಂಬವರು ಗುಂಪುಗಳಿಗಾಗಿ ಈ ಗುರುತನ್ನು ಬಳಸಿದರೆ ಹೇಗೆ ಎಂದು ಅದೇ ಜಾಲದಲ್ಲಿ ಒಂದು ಸಾಲಿನ ಪ್ರಶ್ನೆಯನ್ನು ಬರೆದರು. ಜನರು ಬಳಸತೊಡಗಿದರು, ೨೦೦೯ರಲ್ಲಿ ಕಂಪೆನಿಯು ತಾನೇ ಅದನ್ನು ತನ್ನ ವ್ಯವಸ್ಥೆಯೊಳಕ್ಕೆ ಸೇರಿಸಿಕೊಂಡಿತು. ಮೆಸಿನಾ ಅವರು ಅದರ ಮೇಲೆ ಹಕ್ಕನ್ನು ಕೋರಲಿಲ್ಲ. ಅದು ಅವರ ಔದಾರ್ಯ. ಆದರೆ ಎಲ್ಲರಿಂದಲೂ ಔದಾರ್ಯವನ್ನೇ ನಿರೀಕ್ಷಿಸಿ ವ್ಯಾಪಾರ ನಡೆಸುವುದು ನ್ಯಾಯವೆನಿಸದು.

ಈ ವಿಷಯದಲ್ಲಿ ಡೆನ್ಮಾರ್ಕಿನ ಲೆಗೊ ಕಂಪೆನಿಯ ನಡೆಯು ನಮಗೆ ಮಾದರಿಯಾಗಿ ತೋರುತ್ತದೆ. ಮಕ್ಕಳು ಜೋಡಿಸಿ ಆಡುವ ಬಣ್ಣದ ಇಟ್ಟಿಗೆಗಳನ್ನು ಮಾಡುವ ಕಂಪೆನಿ ಅದು. ೨೦೦೮ರಲ್ಲಿ ಜಪಾನಿನಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, ೨೦೧೧ರಲ್ಲಿ ಲೋಕಕ್ಕೆಲ್ಲ ತೆರೆದು, ೨೦೧೪ರಲ್ಲಿ ಲೆಗೊ ಐಡಿಯಾಸ್ ಎಂಬ ಹೆಸರನ್ನು ಪಡೆದ ಅದರ ಜಾಲದಲ್ಲಿ ಯಾರಾದರೂ ಹೊಸ ಆಟಿಕೆಯ ಕಲ್ಪನೆಯನ್ನು ಮುಂದಿಡಬಹುದು. ಹತ್ತು ಸಾವಿರ ಜನರು ಅದನ್ನು ಬೆಂಬಲಿಸಿದರೆ ಕಂಪೆನಿಯ ತಜ್ಞರು ಪರಿಶೀಲಿಸುತ್ತಾರೆ. ಹತ್ತು ಸಾವಿರ ಮತಗಳು ಬಂದವೆಂದ ಮಾತ್ರಕ್ಕೆ ಆಟಿಕೆಯು ತಯಾರಾಗುವುದಿಲ್ಲ. ಮತಗಳು ಬಾಗಿಲನ್ನು ತೆರೆಯುತ್ತವೆ, ಒಳಗೆ ಕರೆಯುವುದು ತಜ್ಞರ ವಿವೇಕ. ಆಯ್ಕೆಯಾದರೆ ಕಲ್ಪಿಸಿದವರ ಹೆಸರು ಆಟಿಕೆಯೊಡನೆ ಅಚ್ಚಾಗುತ್ತದೆ, ನಿವ್ವಳ ಮಾರಾಟದಲ್ಲಿ ನೂರಕ್ಕೆ ಒಂದು ಪಾಲು ಅವರಿಗೆ ಸಲ್ಲುತ್ತದೆ. ೨೦೧೪ರಲ್ಲಿ ಬಂದ ಮೂವರು ಮಹಿಳಾ ವಿಜ್ಞಾನಿಗಳ ಆಟಿಕೆಯು ಎಲೆನ್ ಕೊಯ್ಮನ್ ಎಂಬ ಭೂರಸಾಯನ ವಿಜ್ಞಾನಿಯ ಕಲ್ಪನೆ. ತಾನು ಕಂಡ ಲೋಕವು ಮಕ್ಕಳ ಆಟಿಕೆಯಲ್ಲಿ ಕಾಣಲಿಲ್ಲವೆಂಬ ಕೊರತೆಯನ್ನು ಒಬ್ಬ ಹೆಣ್ಣುಮಗಳು ಎತ್ತಿ ತೋರಿಸಿದುದರಿಂದ ಅದು ಹುಟ್ಟಿತು.

ಇಷ್ಟು ಒಳ್ಳೆಯ ಮಾತು ಹೇಳಿದ ಮೇಲೆ ಜಾಲದ ದೋಷಗಳನ್ನೂ ಹೇಳದಿದ್ದರೆ ನಾವು ಕರ್ತವ್ಯಕ್ಕೆ ತಪ್ಪಿದಂತಾಗುವುದು. ಜಾಲದಲ್ಲಿ ಸಿಗುವುದು ರಾಶಿ. ರಾಶಿಯಲ್ಲಿ ಕಾಳಿಗಿಂತ ಹೊಟ್ಟೇ ಹೆಚ್ಚು. ಮೇಲೆ ಹೇಳಿದ ಕಾಫಿ ಕಂಪೆನಿಗೆ ಮೊದಲ ಐದು ವರ್ಷಗಳಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕು ಸಲಹೆಗಳು ಬಂದವು. ಅವುಗಳಲ್ಲಿ ಕಾರ್ಯರೂಪಕ್ಕೆ ಬಂದವು ೨೭೭. ಐನೂರಕ್ಕೆ ಒಂದು ಎನ್ನುವುದಕ್ಕಿಂತಲೂ ಕಡಿಮೆ. ಇದು ಕಂಪೆನಿಯ ಕೊರತೆಯೆಂದು ನಾವು ಹೇಳುವುದಿಲ್ಲ. ಕೇರಿ ಆರಿಸುವ ದುಡಿಮೆಗೆ ಸಿದ್ಧರಿಲ್ಲದವರು ಸಲಹೆಗಳನ್ನು ಕೇಳಲೇಬಾರದು ಎಂಬುದಷ್ಟೇ ಇದರ ಪಾಠ.

ಇನ್ನೊಂದು ದೋಷವು ಇದಕ್ಕಿಂತ ಸೂಕ್ಷ್ಮವಾದುದು. ಮನುಷ್ಯರು ಮಂದೆಯಾಗಿ ಹೋಗುವ ಸ್ವಭಾವದವರು. ೨೦೧೩ರಲ್ಲಿ ಸೈನ್ಸ್ ಎಂಬ ಪ್ರಖ್ಯಾತ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಜಾಲತಾಣವೊಂದಕ್ಕೆ ಬಂದ ಒಂದು ಲಕ್ಷಕ್ಕೂ ಹೆಚ್ಚು ಅಭಿಪ್ರಾಯಗಳಲ್ಲಿ ಕೆಲವಕ್ಕೆ ಸಂಶೋಧಕರು ತಾವೇ ಮೊದಲನೆಯ ಮೆಚ್ಚುಗೆಯನ್ನು ಒತ್ತಿ ಬಿಟ್ಟರು. ಅಷ್ಟು ಮಾತ್ರದಿಂದಲೇ ಅವುಗಳಿಗೆ ಕೊನೆಯಲ್ಲಿ ದೊರೆತ ಅಂಕವು ಸರಾಸರಿ ನೂರಕ್ಕೆ ೨೫ರಷ್ಟು ಏರಿತು. ಮಾತಿನ ಗುಣವು ಬದಲಾಗಲಿಲ್ಲ. ಮೊದಲು ಚಪ್ಪಾಳೆ ತಟ್ಟಿದವನೊಬ್ಬನಿದ್ದ, ಅಷ್ಟೇ. ಹಾಗಾದರೆ ಮೆಚ್ಚುಗೆಗಳ ಎಣಿಕೆಯನ್ನು ನಂಬಿ ವಸ್ತುವನ್ನು ಮಾಡುವವನು ಜನರ ಅಗತ್ಯವನ್ನು ಅಳೆದನೋ, ಮೊದಲ ಚಪ್ಪಾಳೆಯ ಪ್ರತಿಧ್ವನಿಯನ್ನು ಅಳೆದನೋ?

ಇದು ಜಾಲಗಳು ಬಂದ ಮೇಲಿನ ವಿಚಾರ ಮಾತ್ರವಲ್ಲ. ಹತ್ತು ಜನ ಕೂಡಿ ತೋಚಿದ್ದನ್ನೆಲ್ಲ ಹೇಳುತ್ತಾ ಹೋದರೆ ಕಲ್ಪನೆಗಳು ಉಕ್ಕುತ್ತವೆ ಎಂಬ ಪದ್ಧತಿಯನ್ನು ಅಮೆರಿಕದ ಜಾಹೀರಾತು ವ್ಯಾಪಾರಿ ಅಲೆಕ್ಸ್ ಆಸ್ಬಾರ್ನ್ ಅವರು ೧೯೫೦ರ ದಶಕದಲ್ಲಿ ಬಹಳವಾಗಿ ಪ್ರಚಾರ ಮಾಡಿದರು. ಆದರೆ ೧೯೫೮ರಲ್ಲಿಯೇ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಪರೀಕ್ಷಿಸಿ, ನಾಲ್ವರು ಒಟ್ಟಿಗೆ ಕುಳಿತು ಹೇಳಿದುದಕ್ಕಿಂತ ನಾಲ್ವರು ಬೇರೆ ಬೇರೆ ಕುಳಿತು ಬರೆದುದನ್ನು ಕೂಡಿಸಿದರೆ ಹೆಚ್ಚು ಕಲ್ಪನೆಗಳು ದೊರೆಯುತ್ತವೆ ಎಂದು ತೋರಿಸಿದರು. ಒಬ್ಬನ ಮಾತು ಕಿವಿಗೆ ಬಿದ್ದೊಡನೆ ಇನ್ನೊಬ್ಬನ ಯೋಚನೆಯು ಅದೇ ದಾರಿಯನ್ನು ಹಿಡಿಯುತ್ತದೆ. ಆದುದರಿಂದ ಜಾಲವನ್ನು ಬಳಸುವವರು ಮೊದಲು ಒಬ್ಬೊಬ್ಬರಿಂದಲೂ ಪ್ರತ್ಯೇಕವಾಗಿ ಕೇಳಿ ಪಡೆಯಲಿ. ಆ ಮೇಲೆ ಎಲ್ಲವನ್ನೂ ಎಲ್ಲರ ಮುಂದಿಟ್ಟು ಚರ್ಚೆಗೆ ಬಿಡಲಿ. ನಿಮಗೆ ಏನು ಬೇಕು ಎಂದು ಕೇಳುವುದಕ್ಕಿಂತ, ನಿಮಗೆ ಎಲ್ಲಿ ತೊಡಕಾಯಿತು, ಆಗ ನೀವು ಏನು ಮಾಡಿದಿರಿ ಎಂದು ಕೇಳುವುದು ಲೇಸು. ಬೇಕೆಂಬುದಕ್ಕೆ ಎಲ್ಲೆಯಿಲ್ಲ, ತೊಡಕಿಗೆ ಒಂದು ಜಾಗವೂ ಒಂದು ಹೊತ್ತೂ ಉಂಟು.

ಬರಿಯ ಮತಗಣನೆಯಿಂದ ಏನಾಗುತ್ತದೆಂಬುದಕ್ಕೆ ಒಂದು ವಿನೋದದ ನಿದರ್ಶನವಿದೆ. ೨೦೧೬ರಲ್ಲಿ ಬ್ರಿಟನ್ನಿನ ವೈಜ್ಞಾನಿಕ ಮಂಡಳಿಯೊಂದು ಧ್ರುವಪ್ರದೇಶದ ಸಂಶೋಧನೆಗಾಗಿ ಕಟ್ಟಿಸುತ್ತಿದ್ದ ಹಡಗಿಗೆ ಹೆಸರು ಸೂಚಿಸಿರೆಂದು ಜಾಲದಲ್ಲಿ ಜನರನ್ನು ಕೇಳಿತು. ಬೋಟಿ ಮೆಕ್‌ಬೋಟ್‌ಫೇಸ್ ಎಂಬ ಹಾಸ್ಯದ ಹೆಸರಿಗೆ ಎಲ್ಲಕ್ಕಿಂತ ಹೆಚ್ಚು ಮತಗಳು ಬಿದ್ದವು. ಮಂಡಳಿಗೆ ಇಕ್ಕಟ್ಟಾಯಿತು. ಕೊನೆಗೆ ಹಡಗಿಗೆ ಪ್ರಕೃತಿ ವಿಜ್ಞಾನದ ಪ್ರಸಾರಕರಾದ ಸರ್ ಡೇವಿಡ್ ಅಟೆನ್‌ಬರೋ ಅವರ ಹೆಸರನ್ನಿಟ್ಟು, ಜನರು ಗೆಲ್ಲಿಸಿದ ಹೆಸರನ್ನು ಅದರೊಡನೆ ಹೋಗುವ ಚಾಲಕರಿಲ್ಲದ ಸಣ್ಣ ಜಲಾಂತರ್ಗಾಮಿಗೆ ಕೊಟ್ಟು ಮಾನ ಉಳಿಸಿಕೊಂಡಿತು. ನಕ್ಕು ಬಿಡಬಹುದಾದ ಪ್ರಸಂಗ ಇದು. ನಗಲಾಗದ ಪ್ರಸಂಗವೂ ಒಂದುಂಟು. ನ್ಯೂಯಾರ್ಕಿನಲ್ಲಿ ೨೦೦೯ರಲ್ಲಿ ಆರಂಭವಾದ ಕ್ವರ್ಕಿ ಎಂಬ ಕಂಪೆನಿಯು ಜಾಲದ ಸದಸ್ಯರಿಂದಲೇ ಕಲ್ಪನೆಗಳನ್ನು ಪಡೆದು, ಅವರಿಂದಲೇ ಮತ ಹಾಕಿಸಿ, ವಸ್ತುಗಳನ್ನು ಮಾಡಿ ಮಾರುತ್ತಿತ್ತು. ಕಲ್ಪಿಸಿದವರಿಗೆ ಪಾಲನ್ನೂ ಕೊಡುತ್ತಿತ್ತು. ಬೇಕಾದ ಹಾಗೆ ಬಾಗುವ ವಿದ್ಯುತ್ ಪ್ಲಗ್ಗಿನ ಪಟ್ಟಿಯಂತಹ ಒಳ್ಳೆಯ ವಸ್ತುಗಳೂ ಅಲ್ಲಿ ಹುಟ್ಟಿದವು. ಆದರೂ ೨೦೧೫ರ ಸೆಪ್ಟೆಂಬರಿನಲ್ಲಿ ಅದು ದಿವಾಳಿ ಅರ್ಜಿ ಹಾಕಬೇಕಾಯಿತು. ತೀರಾ ಹಲವು ಬಗೆಯ ವಸ್ತುಗಳಿಗೆ ಒಂದೇ ಕಾಲಕ್ಕೆ ಕೈಯಿಟ್ಟ ಕಂಪೆನಿ ಅದು. ಕಲ್ಪನೆಯು ಅಗ್ಗ, ಅದನ್ನು ಗಟ್ಟಿಯಾದ ವಸ್ತುವಾಗಿ ಮಾಡುವುದು ದುಬಾರಿ ಎಂಬ ಹಳೆಯ ಸತ್ಯವನ್ನು ಜಾಲವು ಅಳಿಸಿಹಾಕಲಾರದು.

ಇವೆಲ್ಲವೂ ತಯಾರಕರು ತಿದ್ದಿಕೊಳ್ಳಬಹುದಾದ ದೋಷಗಳು. ನಮ್ಮ ಮನಸ್ಸನ್ನು ಹೆಚ್ಚಾಗಿ ಕಲಕುವುದು ಬೇರೊಂದು. ಜಾಲದಲ್ಲಿ ಮಾತನಾಡುವವರು ಯಾರು? ಬಿಡುವುಳ್ಳವರು, ಬರೆಯಬಲ್ಲವರು, ಬಹುಮಟ್ಟಿಗೆ ಇಂಗ್ಲಿಷು ಬಲ್ಲವರು. ಬೆಳಗಿನ ಜಾವ ಎದ್ದು ಹಿಟ್ಟು ರುಬ್ಬಲು ನಿಂತು, ರಾತ್ರಿ ಕೊನೆಯ ಗಿರಾಕಿ ಎದ್ದ ಮೇಲೆ ನೆಲ ಒರೆಸಿ ಮಲಗುವವನು ಯಾವ ಹೊತ್ತಿನಲ್ಲಿ ಬರೆಯಬೇಕು? ದೊಡ್ಡ ರುಬ್ಬುವ ಯಂತ್ರವನ್ನು ಕೊಳ್ಳುವವರು ಧಣಿಗಳು. ಅದಕ್ಕೆ ಅಂಕ ಕೊಟ್ಟು ಅಭಿಪ್ರಾಯ ಬರೆಯುವವರೂ ಅವರೇ. ಅವರು ನೋಡುವುದು ಬೆಲೆಯನ್ನೂ ವಿದ್ಯುತ್ತಿನ ಖರ್ಚನ್ನೂ. ಅದು ತಪ್ಪಲ್ಲ. ಆದರೆ ತುಂಬಿದ ಪಾತ್ರೆಯನ್ನು ಎತ್ತಿ ಬಗ್ಗಿಸುವಾಗ ಸೊಂಟ ಹಿಡಿಯುವುದು ಕೆಲಸದವನಿಗೆ. ಒದ್ದೆ ಕೈಯಲ್ಲಿ ಗುಂಡಿ ಒತ್ತುವ ಭಯವೂ ಅವನದೇ. ಕೊಳ್ಳುವವನ ಮಾತು ಜಾಲದಲ್ಲಿ ಸಾವಿರ ಸಲ ಮೊಳಗಿ, ಬಳಸುವವನ ಮಾತು ಒಮ್ಮೆಯೂ ಕೇಳಿಬಾರದೆ ಹೋದರೆ, ಆ ವಿನ್ಯಾಸವು ಜನರ ಅಭಿಪ್ರಾಯದಿಂದ ಹುಟ್ಟಿತೆಂದು ಹೇಳುವುದು ಅರ್ಧ ಸತ್ಯ. ಅರ್ಧ ಸತ್ಯದ ಮೇಲೆ ಮಾಡಿದ ಯಂತ್ರವು ಕೆಲಸದವನ ಮೈಯ ಮೇಲೆ ತನ್ನ ಸಾಲವನ್ನು ವಸೂಲು ಮಾಡುತ್ತದೆ.

ಈ ವಿಚಾರದಲ್ಲಿ ದಾರಿ ತೋರಿಸುವ ಕಾರ್ಯವೊಂದು ನಮ್ಮ ದೇಶದಲ್ಲಿಯೇ ನಡೆದಿದೆ ಎಂಬುದು ಸಂತೋಷದ ಸಂಗತಿ. ಅಹಮದಾಬಾದಿನ ಪ್ರಾಧ್ಯಾಪಕ ಅನಿಲ್ ಗುಪ್ತ ಅವರೂ ಅವರ ಸಂಗಡಿಗರೂ ೧೯೮೦ರ ದಶಕದ ಕೊನೆಯಲ್ಲಿ ಹನಿ ಬೀ ನೆಟ್‌ವರ್ಕ್ ಎಂಬ ಹೆಸರಿನಿಂದ, ರೈತರು, ಕುಶಲಕರ್ಮಿಗಳು, ಕೂಲಿಕಾರರು ತಾವೇ ಕಂಡುಕೊಂಡ ಉಪಾಯಗಳನ್ನು ಹುಡುಕಿ ಕಲೆಹಾಕತೊಡಗಿದರು. ಜೇನುನೊಣವು ಮಕರಂದವನ್ನು ಕೊಂಡರೂ ಹೂವು ಬಡವಾಗುವುದಿಲ್ಲ, ಹೂವಿಗೂ ಹೂವಿಗೂ ಸಂಬಂಧ ಬೆಳೆಯುತ್ತದೆ. ಆ ಹೆಸರಿನ ಅರ್ಥ ಅದು. ಉಪಾಯ ಕೊಟ್ಟವರ ಹೆಸರನ್ನು ಮರೆಸಬಾರದು, ಕಲಿತುದನ್ನು ಅವರ ಭಾಷೆಯಲ್ಲಿಯೇ ಅವರಿಗೆ ಹಿಂತಿರುಗಿಸಬೇಕು, ಲಾಭ ಬಂದರೆ ಅವರಿಗೂ ಪಾಲು ಸಲ್ಲಬೇಕು ಎಂಬುದು ಅದರ ನಿಯಮ. ಅವರ ಪತ್ರಿಕೆಯು ಕನ್ನಡದಲ್ಲಿಯೂ ಬಂದಿತು; ಅದಕ್ಕೆ ಹಿತ್ತಲಗಿಡ ಎಂದು ಹೆಸರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಸುಳ್ಳು ಮಾಡಲು ಹೊರಟ ಹೆಸರು ಅದು ಎಂದು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಮೊಬೈಲುಗಳು ಮನೆಮನೆಗೆ ಬರುವುದಕ್ಕೆ ಎಷ್ಟೋ ಮೊದಲೇ, ಕಾಲ್ನಡಿಗೆಯಿಂದಲೂ ಅಂಚೆಯಿಂದಲೂ ಕಟ್ಟಿದ ಜಾಲ ಅದು. ಈಗಿನ ಜಾಲಗಳಿಗೆ ವೇಗವಿದೆ. ಆ ನಿಯಮಗಳು ಮಾತ್ರ ಅಪರೂಪವಾಗಿವೆ.

ಆದುದರಿಂದ ತಯಾರಕರಿಗೆ ನಾವು ಹೇಳುವುದಿಷ್ಟು. ಜಾಲದಲ್ಲಿ ಕೇಳಿರಿ, ಆದರೆ ಜಾಲದಲ್ಲಿ ಮಾತ್ರ ಕೇಳಬೇಡಿರಿ. ಬರೆಯಲಾರದವನು ತನ್ನ ಭಾಷೆಯಲ್ಲಿ ಮಾತನಾಡಿ ಧ್ವನಿಯನ್ನು ಕಳುಹಿಸಲಿ. ವಾಟ್ಸಾಪಿನಲ್ಲಿ ಅದಕ್ಕೆ ಅನುಕೂಲವಿದೆ. ಧಣಿಯನ್ನು ಕೇಳಿದ ಮೇಲೆ ಅಡುಗೆಮನೆಗೂ ಹೋಗಿರಿ. ಯಾರ ಮಾತಿನಿಂದ ವಸ್ತುವು ಸುಧಾರಿಸಿತೋ ಅವರ ಹೆಸರನ್ನು ಹೇಳಿರಿ, ಅವರಿಗೆ ಸಲ್ಲತಕ್ಕುದನ್ನು ಸಲ್ಲಿಸಿರಿ. ನೂರಕ್ಕೆ ಒಂದು ಪಾಲನ್ನು ಕೊಟ್ಟು ಆಟಿಕೆಯ ಕಂಪೆನಿಯೇನೂ ಮುಳುಗಿಲ್ಲ. ನಮ್ಮ ಹೋಟೆಲುಗಳ ಧಣಿಗಳೂ ಹೊಸ ಯಂತ್ರವನ್ನು ತರುವ ಮುನ್ನ ಅದರ ಮುಂದೆ ನಿಲ್ಲತಕ್ಕವನನ್ನು ಒಂದು ಮಾತು ಕೇಳಲಿ. ಅವರಲ್ಲಿ ಅನೇಕರು ತಾವೇ ಒಂದು ಕಾಲಕ್ಕೆ ಲೋಟ ತೊಳೆದು ಮೇಲೆ ಬಂದವರು. ಈ ಮಾತು ಅವರಿಗೆ ಬೇಗನೆ ಅರ್ಥವಾದೀತು.

ನಮ್ಮ ವಾಚಕರಿಗೂ ಎರಡು ಮಾತು. ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಮುಂಜಾವಿನ ಶುಭಾಶಯಗಳಿಗೂ ಮುಂದಕ್ಕೆ ಕಳುಹಿಸಿದ ಸುದ್ದಿಗಳಿಗೂ ಕೊರತೆಯಿಲ್ಲ. ಅಲ್ಲಿಯೇ ವಾರಕ್ಕೊಮ್ಮೆಯಾದರೂ ಕೆಲಸದ ಮಾತು ಬರಲಿ. ಈ ಪಾತ್ರೆ ಕೆಟ್ಟದು ಎಂದು ಬೈದರೆ ಯಾರಿಗೂ ಏನೂ ತಿಳಿಯದು. ಯಾವ ಪಾತ್ರೆ, ಅದರಲ್ಲಿ ಎಷ್ಟು ಸೇರು ತುಂಬಿದಾಗ, ಎಲ್ಲಿ ಹಿಡಿದರೆ, ಏನಾಗುತ್ತದೆ, ಆಗ ನಾವು ಮಾಡಿಕೊಂಡ ಉಪಾಯವೇನು ಎಂದು ಕ್ರಮವಾಗಿ ಹೇಳಿ, ಒಂದು ಚಿತ್ರವನ್ನೂ ಸೇರಿಸಿದರೆ ಅದು ವಿನ್ಯಾಸಕಾರನಿಗೆ ಚಿನ್ನ. ಬರೆಯುವುದರಲ್ಲಿ ನುರಿತ ಗುಮಾಸ್ತ ಬಂಧುಗಳು ಹೋಟೆಲಿನ ಬಂಧುಗಳ ಮಾತನ್ನು ಕೇಳಿ ಬರೆದುಕೊಡಲಿ. ಊರಿಗೆ ಕಾಗದ ಬರೆದುಕೊಡುತ್ತಿದ್ದ ಹಿರಿಯರ ಉಪಕಾರವನ್ನು ಈ ಊರುಗಳ ಕನ್ನಡಿಗರು ಇನ್ನೂ ಮರೆತಿಲ್ಲ. ಇದೂ ಅದೇ ಜಾತಿಯ ಉಪಕಾರ.

ಒಂದು ಎಚ್ಚರಿಕೆಯೂ ಅಗತ್ಯ. ತೊಂದರೆಯನ್ನು ಹೇಳಿಕೊಳ್ಳುವುದರಲ್ಲಿ ನಷ್ಟವಿಲ್ಲ. ಆದರೆ ನಿಮಗೆ ನಿಜವಾಗಿ ಹೊಸದಾದ ಉಪಕರಣವೇ ಹೊಳೆದಿದ್ದರೆ, ಅದನ್ನು ಜಾಲದಲ್ಲಿ ಹರಡುವ ಮುನ್ನ ಬಲ್ಲವರನ್ನು ಕೇಳಿರಿ. ನಮ್ಮ ದೇಶದ ೧೯೭೦ರ ಪೇಟೆಂಟ್ ಕಾಯಿದೆ, ೨೦೦೦ದ ವಿನ್ಯಾಸ ಕಾಯಿದೆ ಇವೆರಡರಲ್ಲಿಯೂ, ಅರ್ಜಿ ಸಲ್ಲಿಸುವ ಮೊದಲೇ ಬಹಿರಂಗವಾದುದಕ್ಕೆ ಸಾಮಾನ್ಯವಾಗಿ ಹಕ್ಕು ದೊರೆಯುವುದಿಲ್ಲ. ಇಂದು ಹೆಮ್ಮೆಯಿಂದ ಎಲ್ಲರಿಗೂ ಕಳುಹಿಸಿದ ಚಿತ್ರವೇ ನಾಳೆ ನಿಮ್ಮ ಹಕ್ಕಿಗೆ ಅಡ್ಡಿಯಾಗಬಹುದು. ಯಾವುದೇ ಕಂಪೆನಿಯ ಆಹ್ವಾನಕ್ಕೆ ಓಗೊಡುವ ಮುನ್ನ, ಕಳುಹಿಸಿದ ಕಲ್ಪನೆಯು ಯಾರದಾಗುತ್ತದೆ ಎಂಬ ನಿಬಂಧನೆಯನ್ನು ಓದಿರಿ, ಇಲ್ಲವೆ ಓದಿಸಿರಿ.

ದುಡಿಯುವ ಕೈಗಳಿಗೆ ತಿಳಿದಿರುವುದು ವಿದ್ಯೆಯೇ ಎಂಬುದನ್ನು ಲೋಕವು ನಿಧಾನವಾಗಿ ಒಪ್ಪಿಕೊಳ್ಳುತ್ತಿದೆ. ಒಪ್ಪಿಕೊಂಡ ಮೇಲೆ ಅದರ ಬೆಲೆಯನ್ನು ಕೊಡುವುದು ಒಪ್ಪಿದವರ ಧರ್ಮ. ಬೆಲೆಯನ್ನು ಕೇಳುವುದು ನಮ್ಮ ಹಕ್ಕು. ಸುಟ್ಟ ಬೆರಳನ್ನು ನೀರಿಗದ್ದಿ ಸುಮ್ಮನಾಗುವ ಬದಲು, ಅದು ಏಕೆ ಸುಟ್ಟಿತೆಂದು ನಮ್ಮವರು ಸ್ಪಷ್ಟವಾಗಿ, ನಮ್ಮ ಹೆಸರಿನಿಂದ, ನಮ್ಮ ಮಾತಿನಲ್ಲಿ ಹೇಳಲು ತೊಡಗಲಿ ಎಂದು ಹಾರೈಸುತ್ತೇವೆ.